ಶಾಕ್ ಇರುವ ಹರಿವಿನ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಘಾತ ತರಂಗಗಳು, ಅಂದರೆ ಒತ್ತಡ, ಸಾಂದ್ರತೆಗಳು ಥಟ್ಟನೆ ಜಿಗಿಯುವ ಶಾಕ್‌ಗಳು, ಇರುವ ಅನಿಲ ಹರಿವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಬೇರೆ ಹೇಳದ ಕಡೆಯೆಲ್ಲ ಗಾಮಾ, ಅಂದರೆ ಎರಡು ವಿಶಿಷ್ಟೋಷ್ಣಗಳ ಅನುಪಾತ, 1.4 ಎಂದು ಇಟ್ಟುಕೊಳ್ಳಿ. ಪರೀಕ್ಷಾ ಸಮಸ್ಯೆಗಳ ಸಂಖ್ಯೆಗಳಿಗೆ ಮಾನಗಳಿಲ್ಲ. ಹರಿವಿನ ಜಾಗವನ್ನು ಸಣ್ಣ ಸೆಲ್‌ಗಳಾಗಿ ಹೋಳು ಮಾಡಿದ ಜಾಲ ಗ್ರಿಡ್, ಅದರ ಮೇಲೆ ಲೆಕ್ಕ ಮಾಡುವ ವಿಧಾನ ಸ್ಕೀಮ್, ಸೆಲ್ ಸಣ್ಣದಾದಂತೆ ತಪ್ಪು ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ ಆರ್ಡರ್.

ಪ್ರಶ್ನೆ: ಒಂದು ಆಯಾಮದ ಅನಿಲ ಹರಿವಿಗೆ ಸೆಂಟ್ರಲ್ ಡಿಫರೆನ್ಸ್ (ಎರಡೂ ಪಕ್ಕದ ಸೆಲ್‌ಗಳ ವ್ಯತ್ಯಾಸದಿಂದ ಇಳಿಜಾರು ತೆಗೆಯುವ ವಿಧಾನ) ಬಳಸಿ ಕೋಡ್ ಬರೆದಿದ್ದೇನೆ. ಶಾಕ್ ಬಂದ ಕೂಡಲೇ ಅದರ ಅಕ್ಕಪಕ್ಕ ಗರಗಸದ ಹಲ್ಲಿನಂತೆ ಏರಿಳಿತ ಏಳುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಸಂಖ್ಯೆಗಳೂ ‘ನ್ಯಾನ್’ (ಸಂಖ್ಯೆಯೇ ಅಲ್ಲ ಎಂಬ ಗುರುತು) ಆಗಿಬಿಡುತ್ತವೆ. ಗ್ರಿಡ್ಡನ್ನು ನಾಲ್ಕು ಪಟ್ಟು ಸಣ್ಣ ಮಾಡಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಗ್ರಿಡ್ ಸಣ್ಣ ಮಾಡಿ ಇದನ್ನು ಗೆಲ್ಲಲಾಗದು. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಅಣುಗಳ ಸರಾಸರಿ ಮುಕ್ತಪಥ ಸುಮಾರು 70 ನ್ಯಾನೊಮೀಟರ್. ಶಾಕ್‌ನ ದಪ್ಪ ಅದರ ಕೆಲವೇ ಪಟ್ಟು. ನಿಮ್ಮ ಸೆಲ್ 1 ಮಿಲಿಮೀಟರ್ ಇದ್ದರೂ ಅದು ಶಾಕ್‌ಗಿಂತ ಸಾವಿರಾರು ಪಟ್ಟು ದೊಡ್ಡದು. ಸ್ನಿಗ್ಧತೆಯೇ ಇಲ್ಲದ ಆಯ್ಲರ್ ಸಮೀಕರಣಗಳಲ್ಲಂತೂ ಶಾಕ್‌ಗೆ ದಪ್ಪವೇ ಇಲ್ಲ, ಅದೊಂದು ಶುದ್ಧ ಜಿಗಿತ. ಸೆಂಟ್ರಲ್ ಡಿಫರೆನ್ಸ್ ನಿಂತಿರುವುದು ಉತ್ತರ ನಯವಾಗಿದೆ ಎಂಬ ನಂಬಿಕೆಯ ಮೇಲೆ. ಜಿಗಿತದಲ್ಲಿ ಆ ನಂಬಿಕೆ ಸುಳ್ಳಾಗುತ್ತದೆ.

ಇದರ ಹಿಂದೆ ಒಂದು ಭೌತಿಕ ಕಾರಣವೂ ಇದೆ. ನಿಜವಾದ ಶಾಕ್ ಹರಿವಿನ ಚಲನ ಶಕ್ತಿಯ ಒಂದು ಭಾಗವನ್ನು ಉಷ್ಣವಾಗಿ ಬದಲಿಸುತ್ತದೆ, ಎಂಟ್ರೊಪಿ (ಶಕ್ತಿ ಮರಳಿ ಬಾರದಂತೆ ಚದುರಿದ್ದರ ಅಳತೆ) ಹೆಚ್ಚಿಸುತ್ತದೆ. ಸೆಂಟ್ರಲ್ ಸ್ಕೀಮ್‌ಗೆ ಆ ಕೆಲಸ ಮಾಡುವ ದಾರಿಯೇ ಇಲ್ಲ. ಉಷ್ಣವಾಗಬೇಕಿದ್ದ ಶಕ್ತಿ ಎರಡು ಸೆಲ್ ಉದ್ದದ ಅಲೆಗಳಾಗಿ ಗ್ರಿಡ್‌ನಲ್ಲೇ ಉಳಿಯುತ್ತದೆ. ನಿಮಗೆ ಕಾಣುತ್ತಿರುವ ಗರಗಸ ಅದೇ. ಏರಿಳಿತ ಒತ್ತಡವನ್ನು ಶೂನ್ಯದ ಕೆಳಗೆ ತಳ್ಳಿದಾಗ ಶಬ್ದವೇಗದ ವರ್ಗಮೂಲ ಸಿಗದೆ ಕೋಡ್ ಸಾಯುತ್ತದೆ.

ಆದ್ದರಿಂದ ಸಂಖ್ಯಾತ್ಮಕ ಸ್ನಿಗ್ಧತೆ, ಅಂದರೆ ಏರಿಳಿತ ತಣಿಸಲು ಲೆಕ್ಕದೊಳಗೇ ಸೇರಿಸುವ ಘರ್ಷಣೆ, ಬೇಕೇ ಬೇಕು. ಎಲ್ಲಿ, ಎಷ್ಟು ಎಂಬುದಷ್ಟೇ ಪ್ರಶ್ನೆ. ಈ ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಆ ಪ್ರಶ್ನೆಗೆ ಕೊಟ್ಟ ತಪ್ಪು ಉತ್ತರದಿಂದಲೇ ಹುಟ್ಟುತ್ತವೆ ಎಂಬುದು ನಮ್ಮ ಅಭಿಪ್ರಾಯ. ಎಲ್ಲೆಡೆ ಸಮನಾಗಿ ಹಾಕಿದರೆ ಹರಿವೆಲ್ಲ ಮಸುಕಾಗುತ್ತದೆ. 1959ರಲ್ಲಿ ಗೊಡುನೊವ್ ಸಾಧಿಸಿದ ಪ್ರಮೇಯದ ಪ್ರಕಾರ, ಹೊಸ ಏರು-ತಗ್ಗುಗಳನ್ನು ಹುಟ್ಟಿಸದ ಯಾವ ರೇಖೀಯ ಸ್ಕೀಮ್ ಕೂಡ ಮೊದಲ ಆರ್ಡರ್‌ಗಿಂತ ಹೆಚ್ಚು ನಿಖರವಾಗಿರಲಾರದು. ಇದನ್ನು ದಾಟುವ ದಾರಿ ಸ್ಕೀಮನ್ನು ಅರೇಖೀಯ ಮಾಡುವುದು: ನಯವಾದ ಕಡೆ ಎರಡನೇ ಅಥವಾ ಹೆಚ್ಚಿನ ಆರ್ಡರ್, ಜಿಗಿತ ಕಂಡ ಕಡೆ ಮೊದಲ ಆರ್ಡರ್. ಲಿಮಿಟರ್ ಮಾಡುವುದು ಇದನ್ನೇ.

ಪ್ರಶ್ನೆ: ಹಳೆಯ ಪಠ್ಯಗಳಲ್ಲಿ ಕಾಣುವ ‘ಕೃತಕ ಸ್ನಿಗ್ಧತೆ’ ಈಗಲೂ ಬಳಕೆಯಲ್ಲಿದೆಯೇ?

ಉತ್ತರ: ಇದೆ. ವಾನ್ ನಾಯ್ಮನ್ ಮತ್ತು ರಿಕ್ಟ್‌ಮೈಯರ್ 1950ರಲ್ಲಿ ಕೊಟ್ಟ ರೂಪ ಸರಳವಾದದ್ದು. ಸೆಲ್ ಕುಗ್ಗುತ್ತಿರುವಾಗ ಮಾತ್ರ ಒತ್ತಡಕ್ಕೆ ಒಂದು ಪದ ಸೇರಿಸಬೇಕು. ಅದರ ಬೆಲೆ ಸಾಂದ್ರತೆ × (ಗುಣಾಂಕ × ಸೆಲ್‌ನ ಎರಡು ತುದಿಗಳ ವೇಗವ್ಯತ್ಯಾಸ)ದ ವರ್ಗ. ಗುಣಾಂಕ 2ರ ಆಸುಪಾಸು ಇದ್ದರೆ ಶಾಕ್ ಕೆಲವೇ ಸೆಲ್‌ಗಳಲ್ಲಿ ಹರಡುತ್ತದೆ. ಪದ ವರ್ಗರೂಪದಲ್ಲಿರುವುದರಿಂದ ಶಾಕ್ ಬಲವಾಗಿದ್ದರೂ ದುರ್ಬಲವಾಗಿದ್ದರೂ ದಪ್ಪ ಹೆಚ್ಚುಕಡಿಮೆ ಒಂದೇ, ಅದೇ ಇದರ ಸೊಗಸು. ಶಾಕ್ ಹಿಂದೆ ಉಳಿಯುವ ಸಣ್ಣ ನಡುಕಕ್ಕೆ ವೇಗವ್ಯತ್ಯಾಸದ ಮೊದಲ ಘಾತದ ಇನ್ನೊಂದು ಪದವನ್ನೂ ಸೇರಿಸುವುದು ರೂಢಿ. ಗ್ರಿಡ್ ಅನಿಲದ ಜೊತೆಗೇ ಸಾಗುವ ಲಗ್ರಾಂಜ್ ಮಾದರಿಯ ಕೋಡ್‌ಗಳಲ್ಲಿ ಇದು ಇಂದಿಗೂ ಮುಖ್ಯ ಸಾಧನ.

ಪ್ರಶ್ನೆ: ನನ್ನ ಕೋಡ್‌ನಲ್ಲಿ ಏರಿಳಿತವೇ ಇಲ್ಲ, ಉತ್ತರ ನಯವಾಗಿದೆ. ಆದರೆ ಶಾಕ್ ಇರಬೇಕಾದ ಜಾಗದಲ್ಲಿ ಇಲ್ಲ. ಸಾಂದ್ರತೆ, ವೇಗ, ಒತ್ತಡಗಳ ಸಮೀಕರಣಗಳನ್ನೇ ನೇರವಾಗಿ ಬಿಡಿಸಿದ್ದೇನೆ. ತಪ್ಪು ಎಲ್ಲಿರಬಹುದು?

ಉತ್ತರ: ನೀವು ಹೇಳಿದ ಕೊನೆಯ ಮಾತಿನಲ್ಲೇ ಇದೆ. ಶಾಕ್ ಹುಟ್ಟಿಸುವ ಸರಳ ಮಾದರಿಯಾದ ಬರ್ಗರ್ಸ್ ಸಮೀಕರಣವನ್ನು ತೆಗೆದುಕೊಂಡು ಕಾಗದದ ಮೇಲೆ ನೋಡಿಬಿಡಿ. ಎಡಗಡೆ ವೇಗ 1, ಬಲಗಡೆ 0. ಸರಿಯಾದ ಶಾಕ್ ವೇಗ ಎರಡರ ಸರಾಸರಿ, ಅಂದರೆ 0.5. ಈಗ ‘ವೇಗ × ವೇಗದ ಇಳಿಜಾರು’ ಎಂಬ ರೂಪವನ್ನು ಅಪ್‌ವಿಂಡ್ ಆಗಿ, ಅಂದರೆ ಹರಿವು ಬರುವ ಕಡೆಯ ಸೆಲ್‌ನೊಂದಿಗಿನ ವ್ಯತ್ಯಾಸ ತೆಗೆದು, ಬರೆಯಿರಿ. ಬಲಗಡೆಯ ಸೆಲ್‌ಗಳಲ್ಲಿ ಗುಣಿಸುವ ವೇಗವೇ 0, ಹಾಗಾಗಿ ಏನೂ ಬದಲಾಗದು. ಎಡಗಡೆಯ ಸೆಲ್‌ಗಳಲ್ಲಿ ವ್ಯತ್ಯಾಸವೇ 0, ಅಲ್ಲೂ ಏನೂ ಬದಲಾಗದು. ಶಾಕ್ ಇದ್ದಲ್ಲೇ ನಿಂತುಬಿಡುತ್ತದೆ. ಏರಿಳಿತವಿಲ್ಲ, ಸ್ಥಿರತೆಗೂ ಭಂಗವಿಲ್ಲ, ನೋಡಲು ಚೊಕ್ಕಟ, ಆದರೆ ಉತ್ತರ ಪೂರ್ತಿ ತಪ್ಪು. ಗ್ರಿಡ್ ಎಷ್ಟು ಸಣ್ಣ ಮಾಡಿದರೂ ತಪ್ಪೇ.

ಇನ್ನೊಂದು ರೂಪ ನೋಡಿ. ಅದೇ ಸಮೀಕರಣವನ್ನು ವೇಗದಿಂದ ಗುಣಿಸಿ, ವೇಗದ ವರ್ಗವನ್ನು ಸಂರಕ್ಷಿತ ಪರಿಮಾಣವೆಂದು ಹಿಡಿದರೆ ಶಾಕ್ ವೇಗ 2/3 ಬರುತ್ತದೆ. ನಯವಾದ ಹರಿವಿಗೆ ಈ ಎಲ್ಲ ರೂಪಗಳೂ ಒಂದೇ, ಜಿಗಿತಕ್ಕೆ ಮಾತ್ರ ಬೇರೆ ಬೇರೆ. ಯಾವ ರೂಪ ಸರಿ ಎಂದು ಬೀಜಗಣಿತ ಹೇಳದು, ಭೌತಶಾಸ್ತ್ರ ಹೇಳುತ್ತದೆ. ಅನಿಲದಲ್ಲಿ ಶಾಕ್ ದಾಟುವಾಗ ಉಳಿಯುವುದು ದ್ರವ್ಯರಾಶಿ, ಸಂವೇಗ ಮತ್ತು ಒಟ್ಟು ಶಕ್ತಿ. ಒತ್ತಡವಾಗಲಿ ಎಂಟ್ರೊಪಿಯಾಗಲಿ ಉಳಿಯುವುದಿಲ್ಲ. ಈ ಮೂರನ್ನೇ ಸೆಲ್‌ಗಳಲ್ಲಿ ಇಟ್ಟು, ಒಂದು ಸೆಲ್‌ನಿಂದ ಹೊರಟದ್ದು ಪಕ್ಕದ ಸೆಲ್‌ಗೆ ಚೂರೂ ಸೋರದೆ ಸೇರುವಂತೆ, ನಡುವಿನ ಮುಖಕ್ಕೆ ಒಂದೇ ಫ್ಲಕ್ಸ್ (ಮುಖವನ್ನು ದಾಟುವ ಹರಿವಿನ ದರ) ಬಳಸಬೇಕು. ಹೀಗೆ ಬರೆದ ಸ್ಕೀಮ್ ಗ್ರಿಡ್ ಸಣ್ಣದಾದಂತೆ ಒಂದು ಉತ್ತರಕ್ಕೆ ನೆಲೆಗೊಂಡರೆ, ಆ ಉತ್ತರ ಶಾಕ್‌ನ ಜಿಗಿತದ ನಿಯಮಗಳನ್ನು ಪಾಲಿಸುತ್ತದೆ ಎಂಬುದು ಲ್ಯಾಕ್ಸ್ ಮತ್ತು ವೆಂಡ್ರಾಫ್ 1960ರಲ್ಲಿ ಕೊಟ್ಟ ಪ್ರಮೇಯ.

ಆ ಪ್ರಮೇಯ ಕೊಡದ ಭರವಸೆ ಒಂದಿದೆ. ನೆಲೆಗೊಂಡ ಉತ್ತರ ಎಂಟ್ರೊಪಿ ನಿಯಮವನ್ನು ಪಾಲಿಸುತ್ತದೆ ಎಂದು ಅದು ಹೇಳುವುದಿಲ್ಲ. ರೋ 1981ರಲ್ಲಿ ಕೊಟ್ಟ ಸ್ಕೀಮನ್ನು ತಿದ್ದದೆ ಬಳಸಿದರೆ, ಹಿಗ್ಗುವ ಅಲೆಯೊಳಗೆ ಹರಿವು ಶಬ್ದವೇಗವನ್ನು ದಾಟುವ ಬಿಂದುವಿನಲ್ಲಿ ಒಂದು ಸುಳ್ಳು ಜಿಗಿತ ಉಳಿಯಬಹುದು. ಅಲ್ಲಿ ಅಲೆಯ ವೇಗ ಶೂನ್ಯ, ಹಾಗಾಗಿ ಸ್ಕೀಮ್ ಹಾಕುವ ಸ್ನಿಗ್ಧತೆಯೂ ಶೂನ್ಯ. ಹಾರ್ಟೆನ್ ತೋರಿಸಿದ ಮದ್ದು ಹೀಗಿದೆ: ಅಲೆವೇಗದ ಗಾತ್ರ ಒಂದು ಸಣ್ಣ ಮಿತಿಗಿಂತ ಕಡಿಮೆಯಾದಾಗ ಅದರ ಬದಲು (ಅಲೆವೇಗದ ವರ್ಗ + ಮಿತಿಯ ವರ್ಗ) ÷ (2 × ಮಿತಿ) ಬಳಸಬೇಕು.

ನಿಮ್ಮ ಕೋಡನ್ನು ತಿದ್ದಿದ ಮೇಲೆ ಮಾಕ್ 2ರ (ಶಬ್ದವೇಗದ ಎರಡು ಪಟ್ಟು) ನೇರ ಶಾಕ್ ಒಂದನ್ನು ಓಡಿಸಿ ನೋಡಿ. ಒತ್ತಡ 4.5 ಪಟ್ಟು, ಸಾಂದ್ರತೆ 2.667 ಪಟ್ಟು, ಉಷ್ಣಾಂಶ 1.6875 ಪಟ್ಟು ಏರಬೇಕು. ಎಷ್ಟೇ ಬಲವಾದ ಒಂಟಿ ಶಾಕ್ ಆದರೂ ಸಾಂದ್ರತೆಯ ಏರಿಕೆ 6 ಪಟ್ಟು ದಾಟುವಂತಿಲ್ಲ.

ಪ್ರಶ್ನೆ: ಎರಡನೇ ಆರ್ಡರ್‌ನ ಕೋಡನ್ನು ಮೊದಲಿನಿಂದ ಬರೆಯಬೇಕು. ಯಾವ ಕ್ರಮದಲ್ಲಿ ಬರೆಯಲಿ, ಸರಿಯಾಗಿದೆ ಎಂದು ಹೇಗೆ ತಿಳಿಯಲಿ?

ಉತ್ತರ: ಮೊದಲು ಒಂದು ಆಯಾಮ, ಮೊದಲ ಆರ್ಡರ್. ಅದು ಪರೀಕ್ಷೆಗಳಲ್ಲಿ ಪಾಸಾದ ಮೇಲಷ್ಟೇ ಮುಂದಿನದು. ಈ ಶಿಸ್ತು ಬಿಟ್ಟವರು ತಪ್ಪು ಫ್ಲಕ್ಸ್‌ನಲ್ಲಿದೆಯೋ ಲಿಮಿಟರ್‌ನಲ್ಲಿದೆಯೋ ತಿಳಿಯದೆ ವಾರಗಟ್ಟಲೆ ಕಳೆಯುತ್ತಾರೆ.

ಪ್ರತಿ ಸೆಲ್‌ನಲ್ಲಿ ಸಾಂದ್ರತೆ, ಸಂವೇಗ, ಒಟ್ಟು ಶಕ್ತಿ ಇವುಗಳ ಸರಾಸರಿ ಇಡಿ. ಒಟ್ಟು ಶಕ್ತಿ ಎಂದರೆ ಒತ್ತಡ ÷ (ಗಾಮಾ − 1), ಅದರ ಜೊತೆಗೆ ಸಾಂದ್ರತೆ × ವೇಗದ ವರ್ಗದ ಅರ್ಧ. ಎರಡೂ ತುದಿಗಳಲ್ಲಿ ಎರಡೆರಡು ಘೋಸ್ಟ್ ಸೆಲ್ (ಗಡಿಯ ಹೊರಗಿನ ಕಾಲ್ಪನಿಕ ಸೆಲ್) ಬೇಕು. ಒಂದೇ ಇಟ್ಟರೆ ಎರಡನೇ ಆರ್ಡರ್‌ಗೆ ಹೋದಾಗ ಗಡಿಯ ಸೆಲ್‌ಗೆ ಇಳಿಜಾರು ಸಿಗುವುದಿಲ್ಲ. ಫ್ಲಕ್ಸ್‌ಗೆ ಎಚ್‌ಎಲ್‌ಎಲ್‌ನಿಂದ ಶುರು ಮಾಡಿ; ಮುಖದಿಂದ ಎಡ, ಬಲ ಎರಡೇ ಅಲೆಗಳು ಹೊರಡುತ್ತವೆ ಎಂದು ಹಿಡಿದು ಫ್ಲಕ್ಸ್ ಅಂದಾಜಿಸುವ ಸೂತ್ರ ಅದು. ಎಡ ಅಲೆಯ ವೇಗ, ಎರಡೂ ಬದಿಯ ‘ವೇಗ − ಶಬ್ದವೇಗ’ಗಳಲ್ಲಿ ಕಡಿಮೆಯದು. ಬಲ ಅಲೆಯ ವೇಗ, ‘ವೇಗ + ಶಬ್ದವೇಗ’ಗಳಲ್ಲಿ ಹೆಚ್ಚಿನದು. ಎಡ ಅಲೆಯೂ ಬಲಕ್ಕೆ ಸಾಗುತ್ತಿದ್ದರೆ ಎಡ ಫ್ಲಕ್ಸ್ ಹಾಗೇ ಬಳಸಿ, ಬಲ ಅಲೆಯೂ ಎಡಕ್ಕೆ ಸಾಗುತ್ತಿದ್ದರೆ ಬಲ ಫ್ಲಕ್ಸ್. ನಡುವಿನ ಸ್ಥಿತಿಯಲ್ಲಿ: ಬಲ ಅಲೆವೇಗ × ಎಡ ಫ್ಲಕ್ಸ್, ಇದರಿಂದ ಎಡ ಅಲೆವೇಗ × ಬಲ ಫ್ಲಕ್ಸ್ ಕಳೆದು, ಎರಡೂ ಅಲೆವೇಗಗಳ ಗುಣಲಬ್ಧ × (ಬಲ ಸ್ಥಿತಿ − ಎಡ ಸ್ಥಿತಿ) ಕೂಡಿಸಿ, ಎಲ್ಲವನ್ನೂ ಅಲೆವೇಗಗಳ ವ್ಯತ್ಯಾಸದಿಂದ ಭಾಗಿಸಿ. ಕೊನೆಯ ಪದದ ಚಿಹ್ನೆ ತಿರುವುಮುರುವಾದರೆ ಸ್ನಿಗ್ಧತೆ ಋಣಾತ್ಮಕವಾಗಿ ಹತ್ತಾರು ಸ್ಟೆಪ್‌ಗಳಲ್ಲೇ ಕೋಡ್ ಸ್ಫೋಟಿಸುತ್ತದೆ.

ಪರೀಕ್ಷೆಗೆ 1978ರ ಸಾಡ್ ಸಮಸ್ಯೆ. ಉದ್ದ 1ರ ಕೊಳವೆ, 0.5ರಲ್ಲಿ ಪೊರೆ. ಎಡಗಡೆ ಸಾಂದ್ರತೆ 1, ಒತ್ತಡ 1. ಬಲಗಡೆ ಸಾಂದ್ರತೆ 0.125, ಒತ್ತಡ 0.1. ಎರಡೂ ಕಡೆ ಅನಿಲ ನಿಶ್ಚಲ. 100 ಸೆಲ್, ಕಾಲ 0.2ರವರೆಗೆ. ನಡುವಿನ ಒತ್ತಡ 0.3031, ವೇಗ 0.9275 ಬರಬೇಕು. ಕಾಂಟ್ಯಾಕ್ಟ್‌ನ (ಎರಡು ಕಡೆಯ ಅನಿಲಗಳ ನಡುವಿನ, ಒತ್ತಡ ಬದಲಾಗದ ಗಡಿ) ಎಡಕ್ಕೆ ಸಾಂದ್ರತೆ 0.4263, ಬಲಕ್ಕೆ 0.2656. ಶಾಕ್ 0.850ರಲ್ಲಿ, ಕಾಂಟ್ಯಾಕ್ಟ್ 0.685ರಲ್ಲಿ, ಹಿಗ್ಗುವ ಅಲೆ 0.263ರಿಂದ 0.486ರವರೆಗೆ ಇರಬೇಕು.

ಚಿತ್ರ ನೋಡಿ ತೃಪ್ತರಾಗಬೇಡಿ, ಮೊತ್ತಗಳನ್ನು ಅಚ್ಚು ಮಾಡಿಸಿ. ಅಲೆಗಳು ಗಡಿ ಮುಟ್ಟುವವರೆಗೆ ಒಟ್ಟು ದ್ರವ್ಯರಾಶಿ 0.5625, ಒಟ್ಟು ಶಕ್ತಿ 1.375. ಇವೆರಡೂ ಕಂಪ್ಯೂಟರಿನ ಕೊನೆಯ ಕೆಲವು ಅಂಕೆಗಳನ್ನು ಬಿಟ್ಟರೆ ಅಲುಗಬಾರದು. ಸಂವೇಗ ಮಾತ್ರ ಏರುತ್ತದೆ: ಎರಡು ತುದಿಗಳ ಒತ್ತಡದ ವ್ಯತ್ಯಾಸ 0.9 ಆದ್ದರಿಂದ ಕಾಲ 0.2ರಲ್ಲಿ ಅದು ಸರಿಯಾಗಿ 0.18 ಆಗಬೇಕು. ಇವು ಎಷ್ಟೇ ಒರಟು ಗ್ರಿಡ್‌ನಲ್ಲೂ ನಿಲ್ಲಬೇಕಾದ ಸಂಖ್ಯೆಗಳು. ನಿಲ್ಲದಿದ್ದರೆ ಫ್ಲಕ್ಸ್ ಎಲ್ಲೋ ಸೋರುತ್ತಿದೆ. ಮುಂದೆ ಎಡ-ಬಲ ಅದಲುಬದಲು ಮಾಡಿ ಓಡಿಸಿ, ಉತ್ತರ ಕನ್ನಡಿಯ ಬಿಂಬದಂತೆ ಬರಬೇಕು. ಎಲ್ಲೆಡೆ ಒಂದೇ ಸ್ಥಿತಿ ಕೊಟ್ಟು ಓಡಿಸಿದರೆ ಏನೂ ಬದಲಾಗಬಾರದು. ಈ ಎರಡು ಪರೀಕ್ಷೆಗಳು ಸೂಚ್ಯಂಕದ ತಪ್ಪುಗಳನ್ನು ಬಹುಪಾಲು ಹಿಡಿದುಕೊಡುತ್ತವೆ.

ಇನ್ನು ಎರಡನೇ ಆರ್ಡರ್. ಸಾಂದ್ರತೆ, ವೇಗ, ಒತ್ತಡ ಇವುಗಳಿಗೆ ಪ್ರತಿ ಸೆಲ್‌ನಲ್ಲಿ ಎಡ ವ್ಯತ್ಯಾಸ, ಬಲ ವ್ಯತ್ಯಾಸ ಕಂಡುಹಿಡಿಯಿರಿ. ಚಿಹ್ನೆ ಬೇರೆಯಾದರೆ ಇಳಿಜಾರು 0, ಒಂದೇ ಆದರೆ ಗಾತ್ರದಲ್ಲಿ ಚಿಕ್ಕದು. ಇದು ಮಿನ್‌ಮಾಡ್ ಲಿಮಿಟರ್. ಸೆಲ್‌ನ ಬೆಲೆಗೆ ಅರ್ಧ ಇಳಿಜಾರು ಕೂಡಿಸಿ ಬಲ ಮುಖದ ಬೆಲೆ, ಕಳೆದು ಎಡ ಮುಖದ ಬೆಲೆ ಪಡೆಯಿರಿ. ಕಾಲಕ್ಕೆ ಎರಡು ಹಂತ: ಮೊದಲ ಹಂತದಲ್ಲಿ ಪೂರ್ತಿ ಸ್ಟೆಪ್, ಅದರ ಫಲದಿಂದ ಮತ್ತೊಂದು ಪೂರ್ತಿ ಸ್ಟೆಪ್, ಕೊನೆಗೆ ಮೂಲ ಸ್ಥಿತಿ ಮತ್ತು ಎರಡನೆಯ ಫಲದ ಸರಾಸರಿ. ಇಲ್ಲಿ ತೀರಾ ಸಾಮಾನ್ಯವಾದ ತಪ್ಪು, ಘೋಸ್ಟ್ ಸೆಲ್‌ಗಳನ್ನು ಸ್ಟೆಪ್‌ಗೆ ಒಮ್ಮೆ ಮಾತ್ರ ತುಂಬುವುದು. ಪ್ರತಿ ಹಂತಕ್ಕೂ ತುಂಬಬೇಕು, ಇಲ್ಲದಿದ್ದರೆ ಗಡಿಯಿಂದ ಸಣ್ಣ ಅಲೆಗಳು ಒಳಗೆ ಬರುತ್ತವೆ.

ಶಾಕ್ ಎರಡು ಮೂರು ಸೆಲ್‌ಗಳಲ್ಲಿ ನಿಲ್ಲುತ್ತದೆ, ಕಾಂಟ್ಯಾಕ್ಟ್ ಮಾತ್ರ ಅಗಲವಾಗುತ್ತ ಹೋಗುತ್ತದೆ. ಗಾಬರಿ ಬೇಡ. ಶಾಕ್‌ನ ಹಿಂದಿನ ಮತ್ತು ಮುಂದಿನ ಅಲೆಗಳು ಅದರೊಳಕ್ಕೇ ನುಗ್ಗುವುದರಿಂದ ಅದು ತನ್ನನ್ನು ತಾನೇ ಚೂಪಾಗಿಸಿಕೊಳ್ಳುತ್ತದೆ. ಕಾಂಟ್ಯಾಕ್ಟ್‌ಗೆ ಆ ಗುಣವಿಲ್ಲ. ಮೊದಲ ಆರ್ಡರ್‌ನಲ್ಲಿ ಅದರ ಅಗಲ ಸ್ಟೆಪ್‌ಗಳ ಸಂಖ್ಯೆಯ ವರ್ಗಮೂಲದಂತೆ, ಎರಡನೇ ಆರ್ಡರ್‌ನಲ್ಲಿ ಹೆಚ್ಚುಕಡಿಮೆ ಘನಮೂಲದಂತೆ ಬೆಳೆಯುತ್ತದೆ. ಎಚ್‌ಎಲ್‌ಎಲ್ ಬದಲು ಎಚ್‌ಎಲ್‌ಎಲ್‌ಸಿ ಹಾಕಿ. ಟೊರೊ ಮತ್ತು ಸಂಗಡಿಗರು 1994ರಲ್ಲಿ ಎಚ್‌ಎಲ್‌ಎಲ್‌ಗೆ ಬಿಟ್ಟುಹೋಗಿದ್ದ ನಡುವಿನ ಅಲೆಯನ್ನು ಮರಳಿ ಸೇರಿಸಿದ್ದೇ ಅದು. ನಿಂತಿರುವ ಕಾಂಟ್ಯಾಕ್ಟನ್ನು ಅದು ಚೂರೂ ಕದಡುವುದಿಲ್ಲ.

ಪ್ರಶ್ನೆ: ಸಿಎಫ್‌ಎಲ್ ಸಂಖ್ಯೆ (ಒಂದು ಸ್ಟೆಪ್‌ನಲ್ಲಿ ಅಲೆ ಸಾಗುವ ದೂರ ÷ ಸೆಲ್ ಅಗಲ) 0.9 ಇಟ್ಟರೆ ಮೊದಲ ಕೆಲವು ಸ್ಟೆಪ್‌ಗಳಲ್ಲೇ ಕೆಡುತ್ತದೆ. 1ರ ಒಳಗಿದ್ದರೆ ಸಾಕಲ್ಲವೇ?

ಉತ್ತರ: ಆರಂಭದ ಸ್ಥಿತಿಯಲ್ಲಿ ಅಲೆಗಳು ಇನ್ನೂ ಹುಟ್ಟಿಲ್ಲ. ಸಾಡ್ ಸಮಸ್ಯೆಯಲ್ಲಿ ಮೊದಲ ಸ್ಟೆಪ್‌ಗೆ ಸಿಗುವ ಗರಿಷ್ಠ ವೇಗ 1.18. ಪೊರೆ ಒಡೆದ ಮೇಲೆ ಶಾಕ್ ಹಿಂದೆ ಅದೇ 2.19 ಆಗುತ್ತದೆ. ಹೀಗಾಗಿ ನಿಮ್ಮ 0.9 ನಿಜದಲ್ಲಿ 1ನ್ನು ದಾಟಿರುತ್ತದೆ. ಮೊದಲ ಐದಾರು ಸ್ಟೆಪ್‌ಗಳಿಗೆ 0.2 ಇಟ್ಟು ಆಮೇಲೆ ಏರಿಸಿ. ಎರಡು ಆಯಾಮಗಳಲ್ಲಿ ದಿಕ್ಕುಗಳನ್ನು ಬೇರ್ಪಡಿಸದೆ ಒಟ್ಟಿಗೆ ಸ್ಟೆಪ್ ತೆಗೆಯುವುದಾದರೆ ಎರಡೂ ದಿಕ್ಕಿನ ‘ಅಲೆವೇಗ ÷ ಸೆಲ್ ಅಗಲ’ಗಳ ಮೊತ್ತ ಬಳಸಬೇಕು, ದೊಡ್ಡದನ್ನು ಮಾತ್ರ ತೆಗೆದುಕೊಂಡರೆ ಸಾಲದು.

ಪ್ರಶ್ನೆ: ಮಾಕ್ 10ರ ಮೇಲಿನ ಹರಿವಿನಲ್ಲಿ ಒತ್ತಡ ಋಣಾತ್ಮಕವಾಗುತ್ತದೆ. ಕನಿಷ್ಠ ಬೆಲೆಯೊಂದನ್ನು ಇಟ್ಟು ಅದರ ಕೆಳಗೆ ಇಳಿಯದಂತೆ ತಡೆದರೆ ಸಾಕೇ?

ಉತ್ತರ: ತಡೆಯುವ ಮೊದಲು ಕಾರಣ ನೋಡೋಣ. ಚಲನ ಶಕ್ತಿ ಆಂತರಿಕ ಶಕ್ತಿಯ ಎಷ್ಟು ಪಟ್ಟು ಎಂಬುದು ಗಾಮಾ × (ಗಾಮಾ − 1) × ಮಾಕ್ ವರ್ಗದ ಅರ್ಧ. ಮಾಕ್ 10ರಲ್ಲಿ ಇದು 28, ಮಾಕ್ 20ರಲ್ಲಿ 112. ಅಂದರೆ ಮಾಕ್ 10ರಲ್ಲಿ ಒಟ್ಟು ಶಕ್ತಿಯಲ್ಲಿ ಆಂತರಿಕ ಶಕ್ತಿಯ ಪಾಲು ಶೇ 3.4 ಮಾತ್ರ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಈ ಸಣ್ಣ ಸಂಖ್ಯೆ ಪಡೆಯುತ್ತಿದ್ದೀರಿ. ಸಂವೇಗದಲ್ಲಿ ಶೇ 2ರ ತಪ್ಪು ಚಲನ ಶಕ್ತಿಯಲ್ಲಿ ಶೇ 4 ಆಗಿ ಆಂತರಿಕ ಶಕ್ತಿಯನ್ನೇ ನುಂಗಿಹಾಕುತ್ತದೆ.

ಮೊದಲು ಮುಖಗಳ ಬೆಲೆ ನೋಡಿ. ಸಾಂದ್ರತೆ ಅಥವಾ ಒತ್ತಡ ಅಲ್ಲೇ ಋಣಾತ್ಮಕವಾದರೆ ಆ ಸೆಲ್‌ನ ಇಳಿಜಾರುಗಳನ್ನೆಲ್ಲ 0 ಮಾಡಿ, ಅಥವಾ ಋಣಾತ್ಮಕತೆ ಹೋಗುವಷ್ಟು ಮಾತ್ರ ಸೆಲ್ ಸರಾಸರಿಯ ಕಡೆಗೆ ಎಳೆಯಿರಿ. ಎರಡರಲ್ಲೂ ಸರಾಸರಿ ಬದಲಾಗದೆ ಸಂರಕ್ಷಣೆ ಉಳಿಯುತ್ತದೆ, ಆದರೆ ಎರಡನೆಯದು ಉತ್ತಮ, ಏಕೆಂದರೆ ನಿಖರತೆ ಕಡಿಮೆ ಕೆಡುತ್ತದೆ. ಆಮೇಲೆ ಫ್ಲಕ್ಸ್. ಬಲವಾಗಿ ಹಿಗ್ಗುವ ಹರಿವಿನಲ್ಲಿ ರೋ ಸ್ಕೀಮ್ ಋಣಾತ್ಮಕ ಸ್ಥಿತಿ ಕೊಡಬಲ್ಲದು. ಅಲೆವೇಗಗಳನ್ನು ಸರಿಯಾಗಿ ಅಂದಾಜಿಸಿದ ಎಚ್‌ಎಲ್‌ಎಲ್ ಕೊಡದು. ಪರೀಕ್ಷಿಸಲು ಸಾಂದ್ರತೆ 1, ಒತ್ತಡ 0.4 ಇರುವ ಅನಿಲವನ್ನು ನಡುವಿನಿಂದ ಎಡಕ್ಕೂ ಬಲಕ್ಕೂ ವೇಗ 2ರಲ್ಲಿ ಸಾಗಲು ಬಿಡಿ. ನಡುವಿನ ಒತ್ತಡ 0.00189ಕ್ಕೆ ಇಳಿಯಬೇಕು, ಶೂನ್ಯವಾಗಬಾರದು.

ಕನಿಷ್ಠ ಬೆಲೆ ಇಡುವುದು ಕೊನೆಯ ಉಪಾಯ. ಪ್ರತಿ ಸಲ ತಡೆದಾಗಲೂ ಶಕ್ತಿಯನ್ನು ಹೊರಗಿನಿಂದ ಸುರಿದಂತೆ. ಎಷ್ಟು ಸಲ, ಒಟ್ಟು ಎಷ್ಟು ಸುರಿಯಿತು ಎಂದು ಕೋಡ್ ಲೆಕ್ಕ ಇಡಲೇಬೇಕು. ಆ ಸಂಖ್ಯೆ ತೋರಿಸದ ಫಲಿತಾಂಶವನ್ನು ನಂಬಬೇಡಿ.

ಪ್ರಶ್ನೆ: ಮೊಂಡು ಮೂತಿಯ ಕಾಯದ ಮುಂದೆ ಮಾಕ್ 8ರ ಹರಿವು. ಎಚ್‌ಎಲ್‌ಎಲ್‌ಸಿ ಬಳಸಿದರೆ ನಡುಗೆರೆಯಲ್ಲಿ ಶಾಕ್ ಮುಂದಕ್ಕೆ ಗಂಟಿನಂತೆ ಉಬ್ಬುತ್ತದೆ. ಗ್ರಿಡ್ ಸಣ್ಣ ಮಾಡಿದಷ್ಟೂ ಹೆಚ್ಚುತ್ತದೆ. ಎಚ್‌ಎಲ್‌ಎಲ್‌ನಲ್ಲಿ ಇಲ್ಲ. ಹಾಗಾದರೆ ಅದೇ ಸರಿಯೇ?

ಉತ್ತರ: ನೀವು ನೋಡುತ್ತಿರುವುದಕ್ಕೆ ಕಾರ್ಬಂಕಲ್ ಎಂಬ ಹೆಸರಿದೆ. ಪೀರಿ ಮತ್ತು ಇಮ್ಲೇ 1988ರಲ್ಲಿ ರೋ ಸ್ಕೀಮಿನಲ್ಲಿ ಇದನ್ನು ವರದಿ ಮಾಡಿದರು. ಗ್ರಿಡ್‌ನ ಗೆರೆಗೆ ಸರಿಹೊಂದಿ ಸಾಗುವ ನೇರ ಶಾಕ್ ಕೂಡ ಇದೇ ಬಗೆಯಲ್ಲಿ ಕುಸಿಯುತ್ತದೆ ಎಂದು ಕ್ವರ್ಕ್ 1994ರಲ್ಲಿ ತೋರಿಸಿದರು.

ಕಾಂಟ್ಯಾಕ್ಟನ್ನು ಕದಡದಿರುವ ಒಳ್ಳೆಯ ಗುಣವೇ ಇಲ್ಲಿ ಮುಳುವಾಗುತ್ತದೆ. ಶಾಕ್ ಗ್ರಿಡ್‌ನ ಗೆರೆಗೆ ಸಮಾನಾಂತರವಾಗಿರುವಾಗ, ಶಾಕ್‌ನ ಉದ್ದಕ್ಕೂ ಒಂದರ ಪಕ್ಕ ಒಂದಿರುವ ಸೆಲ್‌ಗಳ ನಡುವಿನ ಮುಖದಲ್ಲಿ ಅಡ್ಡ ವೇಗ ಹೆಚ್ಚುಕಡಿಮೆ 0. ಹರಿವಿನ ಜೊತೆಗೇ ಸಾಗುವ ಅಲೆಗಳಿಗೆ ರೋ, ಎಚ್‌ಎಲ್‌ಎಲ್‌ಸಿ ಹಾಕುವ ಸ್ನಿಗ್ಧತೆ ಆ ವೇಗಕ್ಕೆ ಅನುಪಾತದಲ್ಲಿರುವುದರಿಂದ ಅದೂ 0. ಪಕ್ಕಪಕ್ಕದ ಎರಡು ಸೆಲ್‌ಗಳ ಸಾಂದ್ರತೆಯಲ್ಲಿ ಕೊನೆಯ ದಶಮಾಂಶದ ವ್ಯತ್ಯಾಸ ಹುಟ್ಟಿದರೂ ಅದನ್ನು ತಣಿಸುವವರಿಲ್ಲ. ಶಾಕ್‌ನೊಳಗಿನ ಒತ್ತಡದ ಏರಿಕೆ ಅದನ್ನು ಬೆಳೆಸುತ್ತದೆ. ಗ್ರಿಡ್ ಸಣ್ಣದಾದರೆ ಇರುವ ಅಷ್ಟಿಷ್ಟು ಸ್ನಿಗ್ಧತೆಯೂ ಕಡಿಮೆ, ಅದಕ್ಕೇ ನಿಮ್ಮಲ್ಲಿ ಅದು ಹೆಚ್ಚಿತು.

ಎಚ್‌ಎಲ್‌ಎಲ್‌ನ ಸ್ನಿಗ್ಧತೆ ಶಬ್ದವೇಗದ ಮಟ್ಟದ್ದು, ಹಾಗಾಗಿ ಗಂಟು ಏಳದು. ಆದರೆ ಅದೇ ಸ್ನಿಗ್ಧತೆ ಗೋಡೆಗೆ ಅಂಟಿದಂತೆ ಹರಿವು ನಿಧಾನವಾಗುವ ತೆಳು ಪದರವಾದ ಬೌಂಡರಿ ಲೇಯರ್‌ನಲ್ಲೂ ಬಂದು ಕೂರುತ್ತದೆ. ಅಲ್ಲಿ ಉಷ್ಣಪ್ರವಾಹ, ಘರ್ಷಣೆ ಎರಡೂ ಕೆಡುತ್ತವೆ. ಒತ್ತಡ ಮಾತ್ರ ಬೇಕಿದ್ದರೆ ಎಚ್‌ಎಲ್‌ಎಲ್ ಸಾಕು, ಉಷ್ಣಪ್ರವಾಹ ಬೇಕಿದ್ದರೆ ಸಾಲದು.

ನಾವು ಸೂಚಿಸುವುದು ಬೆರಕೆ ಫ್ಲಕ್ಸ್. ಪ್ರತಿ ಮುಖಕ್ಕೂ ಅದರ ಎರಡು ಬದಿಯ ಸೆಲ್‌ಗಳು ಮತ್ತು ಆ ಸೆಲ್‌ಗಳ ಮೇಲೆ ಕೆಳಗಿನ ನೆರೆಯವರಲ್ಲಿ ಒತ್ತಡದ ಅನುಪಾತ, ಚಿಕ್ಕದು ÷ ದೊಡ್ಡದು, ನೋಡಿ. ಅತಿ ಕಡಿಮೆ ಅನುಪಾತ 1ಕ್ಕೆ ಹತ್ತಿರವಿದ್ದರೆ ಎಚ್‌ಎಲ್‌ಎಲ್‌ಸಿ, ತೀರಾ ಕಡಿಮೆಯಾದರೆ ಎಚ್‌ಎಲ್‌ಎಲ್, ನಡುವೆ ಅನುಪಾತದ ಘನವನ್ನು ತೂಕವಾಗಿ ಬಳಸಿ ಎರಡರ ಮಿಶ್ರಣ. ನೆರೆಯ ಸೆಲ್‌ಗಳನ್ನು ಸೇರಿಸುವುದನ್ನು ಮರೆಯಬೇಡಿ. ಮದ್ದು ಬೇಕಿರುವುದು ಶಾಕ್ ದಾಟುವ ಮುಖಕ್ಕಲ್ಲ, ಶಾಕ್‌ನೊಳಗಿನ ಅಡ್ಡ ಮುಖಗಳಿಗೆ. ಆ ಮುಖದ ಎರಡು ಬದಿಯಲ್ಲಿ ಒತ್ತಡ ಒಂದೇ ಇರುವುದರಿಂದ ಅದನ್ನಷ್ಟೇ ನೋಡುವ ಸಂವೇದಕ ಕುರುಡಾಗಿರುತ್ತದೆ. ಗೋಡೆಯ ಬಳಿ ಒತ್ತಡ ಮುಖದಿಂದ ಮುಖಕ್ಕೆ ಹೆಚ್ಚು ಬದಲಾಗದ್ದರಿಂದ ಬೌಂಡರಿ ಲೇಯರ್‌ಗೆ ಹಾನಿಯಾಗದು. ಶಾಕ್ ಹಾದುಹೋಗುವ ಕಡೆ ಗ್ರಿಡ್ಡನ್ನು ಅದಕ್ಕೆ ಹೊಂದಿಸಿ, ಷಟ್ಫಲಕದ ಸೆಲ್‌ಗಳನ್ನೇ ಇಡಿ. ಚತುಷ್ಫಲಕದ ಸೆಲ್‌ಗಳಲ್ಲಿ ಹರಿವು ಶಾಕ್ ದಾಟುವಾಗ ಹುಟ್ಟುವ ಎಂಟ್ರೊಪಿಯ ಸಣ್ಣ ತಪ್ಪುಗಳು ಕೆಳಗೆ ಸಾಗಿ ಮೂತಿಯ ಮೇಲಿನ ಉಷ್ಣಪ್ರವಾಹದಲ್ಲಿ ಕಲೆಕಲೆಯಾಗಿ ಕಾಣುತ್ತವೆ.

ಪ್ರಶ್ನೆ: ಸ್ಥಿರ ಹರಿವಿನ ಲೆಕ್ಕದಲ್ಲಿ ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದಿರುವ ತಪ್ಪು) ನೂರರಿಂದ ಸಾವಿರ ಪಟ್ಟು ಇಳಿದು ಅಲ್ಲೇ ಕುಣಿಯುತ್ತಿರುತ್ತದೆ.

ಉತ್ತರ: ಮಿನ್‌ಮಾಡ್, ಸೂಪರ್‌ಬೀ ಮುಂತಾದ ಲಿಮಿಟರ್‌ಗಳು ‘ಇದು ಅಥವಾ ಅದು’ ಎಂದು ಹಾರುತ್ತವೆ. ನಯವಾದ ಭಾಗದಲ್ಲೂ ಒಂದೆರಡು ಸೆಲ್‌ಗಳು ಪ್ರತಿ ಸ್ಟೆಪ್‌ನಲ್ಲಿ ಅತ್ತಿತ್ತ ಹಾರುತ್ತಿದ್ದರೆ ರೆಸಿಡ್ಯುಯಲ್ ಇಳಿಯುವುದಿಲ್ಲ. ವ್ಯಾನ್ ಅಲ್ಬಾಡಾ ಅಥವಾ ವೆಂಕಟಕೃಷ್ಣನ್ ಲಿಮಿಟರ್‌ನಂತಹ ನಯವಾದದ್ದನ್ನು ಬಳಸಿ. ಎರಡನೆಯದರ ಗುಣಾಂಕ ತುಂಬ ದೊಡ್ಡದಿಟ್ಟರೆ ಲಿಮಿಟರ್ ಕೆಲಸವನ್ನೇ ಮಾಡದು, ಇದನ್ನು ಗಮನದಲ್ಲಿಡಿ. ಸ್ಥಿರತೆ ಬಹುಪಾಲು ಬಂದ ಮೇಲೆ ಲಿಮಿಟರ್ ಬೆಲೆಗಳನ್ನು ಹಾಗೇ ಹೆಪ್ಪುಗಟ್ಟಿಸುವುದೂ ಒಂದು ದಾರಿ.

ಪ್ರಶ್ನೆ: ಐದನೇ ಆರ್ಡರ್‌ನ ವೆನೊ (ಹಲವು ಅಂದಾಜುಗಳನ್ನು ಅವುಗಳ ನಯಕ್ಕೆ ತಕ್ಕ ತೂಕ ಕೊಟ್ಟು ಬೆರೆಸುವ ಸ್ಕೀಮ್) ಬರೆದೆ. ಸಾಡ್ ಸಮಸ್ಯೆಯಲ್ಲಿ ತಪ್ಪು ಇಳಿಯುವ ದರ 1ನ್ನೂ ಮುಟ್ಟಲಿಲ್ಲ. ಕೋಡ್ ತಪ್ಪೇ?

ಉತ್ತರ: ಕೋಡ್ ಸರಿ ಇರಬಹುದು, ಪರೀಕ್ಷೆ ತಪ್ಪು. ಜಿಗಿತವಿರುವ ಕಡೆ ಯಾವ ಶಾಕ್ ಹಿಡಿಯುವ ಸ್ಕೀಮೂ 1ಕ್ಕಿಂತ ಹೆಚ್ಚಿನ ದರ ಕೊಡದು, ಕಾಂಟ್ಯಾಕ್ಟ್‌ನಲ್ಲಿ ಇನ್ನೂ ಕಡಿಮೆ. ಆರ್ಡರ್ ಅಳೆಯಲು ನಯವಾದ ಸಮಸ್ಯೆ ಬೇಕು: ಒತ್ತಡ 1, ವೇಗ 1, ಸಾಂದ್ರತೆ 1ರ ಸುತ್ತ 0.2 ಎತ್ತರದ ಸೈನ್ ಅಲೆ, ಗಡಿಗಳು ಆವರ್ತಕ. ಕಾಲಕ್ಕೆ ಮೂರು ಹಂತದ ರುಂಗೆ-ಕುಟ್ಟಾ ಬಳಸುತ್ತಿದ್ದರೆ ಅದು ಮೂರನೇ ಆರ್ಡರ್ ಮಾತ್ರ. ಟೈಮ್ ಸ್ಟೆಪ್ಪನ್ನು ಸೆಲ್ ಅಗಲದ 5/3ನೇ ಘಾತದಂತೆ ಇಳಿಸದಿದ್ದರೆ ನಿಮಗೆ 3 ಕಾಣುತ್ತದೆ, 5 ಕಾಣದು. ಎರಡು ಆಯಾಮದಲ್ಲಿ ಸೆಲ್ ಸರಾಸರಿಗಳನ್ನೇ ಬಳಸಿ, ಮುಖದ ನಡುಬಿಂದುವಿನಲ್ಲಷ್ಟೇ ಫ್ಲಕ್ಸ್ ತೆಗೆದರೆ 2ಕ್ಕೇ ನಿಲ್ಲುತ್ತದೆ.

ಹೆಚ್ಚಿನ ಆರ್ಡರ್‌ನ ಲಾಭ ಕಾಣುವುದು ಶಾಕ್‌ನ ಜೊತೆ ಸಣ್ಣ ಅಲೆಗಳೂ ಇರುವಲ್ಲಿ. ಶು ಮತ್ತು ಓಶರ್ ಕೊಟ್ಟ ಸಮಸ್ಯೆಯಲ್ಲಿ ಮಾಕ್ 3ರ ಶಾಕ್, 0.2 ಎತ್ತರದ ಸಾಂದ್ರತೆಯ ಅಲೆಗಳೊಳಗೆ ನುಗ್ಗುತ್ತದೆ. ಶಾಕ್ ಹಿಂದೆ ಹುಟ್ಟುವ ಒತ್ತೊತ್ತು ಅಲೆಗಳನ್ನು 200 ಸೆಲ್‌ಗಳಲ್ಲಿ ಮಿನ್‌ಮಾಡ್ ಒರೆಸಿಹಾಕುತ್ತದೆ, ವೆನೊ ಬಹುಮಟ್ಟಿಗೆ ಉಳಿಸುತ್ತದೆ.

ವೆನೊ ತೂಕಗಳ ಛೇದದಲ್ಲಿರುವ ಸಣ್ಣ ಸಂಖ್ಯೆಯ ಬಗ್ಗೆ ಒಂದು ಮಾತು. ಜಿಯಾಂಗ್ ಮತ್ತು ಶು 1996ರಲ್ಲಿ ಬಳಸಿದ ಬೆಲೆ 10ರ ಮೈನಸ್ 6ನೇ ಘಾತ. ಅದನ್ನು ಕೂಡುವುದು ಪರಿಮಾಣದ ವರ್ಗದಂತಿರುವ, ನಯವನ್ನು ಅಳೆಯುವ ಸೂಚಕಕ್ಕೆ. ನಿಮ್ಮ ಪರಿಮಾಣಗಳೆಲ್ಲ 0.0001ರ ಮಟ್ಟದಲ್ಲಿದ್ದರೆ ಸೂಚಕಗಳು ಈ ಸಂಖ್ಯೆಯ ಮುಂದೆ ಕಾಣೆಯಾಗುತ್ತವೆ, ಸ್ಕೀಮ್ ರೇಖೀಯವಾಗುತ್ತದೆ, ಏರಿಳಿತ ಮರಳಿ ಬರುತ್ತದೆ. ಪರಿಮಾಣಗಳನ್ನು 1ರ ಆಸುಪಾಸಿಗೆ ತಂದುಕೊಂಡೇ ಲೆಕ್ಕ ಶುರು ಮಾಡಿ.

ಪ್ರಶ್ನೆ: ಗಾಳಿ ಮತ್ತು ಹೀಲಿಯಂ ನಡುವಿನ ಗಡಿ ಒಂದೇ ವೇಗ, ಒಂದೇ ಒತ್ತಡದಲ್ಲಿ ಸಾಗಬೇಕು. ಆದರೆ ಗಡಿಯಲ್ಲಿ ಒತ್ತಡ ಕುಣಿಯುತ್ತದೆ. ಫ್ಲಕ್ಸ್ ಬದಲಿಸಿದರೂ ಹೋಗದು.

ಉತ್ತರ: ಫ್ಲಕ್ಸ್‌ನ ತಪ್ಪಲ್ಲ. ಒಂದು ಸೆಲ್‌ನಲ್ಲಿ ಎರಡೂ ಅನಿಲ ಅರ್ಧರ್ಧ ಜಾಗ ತುಂಬಿವೆ, ಒತ್ತಡ 1, ವೇಗ 0 ಎನ್ನಿ. ಗಾಳಿಯ ಗಾಮಾ 1.4, ಶಕ್ತಿ 2.5. ಹೀಲಿಯಂ ಗಾಮಾ 5/3, ಶಕ್ತಿ 1.5. ಸರಾಸರಿ ಶಕ್ತಿ 2.0. ಗಾಮಾವನ್ನೇ ಸರಾಸರಿ ಮಾಡಿದರೆ 1.533, ಒತ್ತಡ 2.0 × 0.533 = 1.067. ಏನೂ ನಡೆಯದ ಕಡೆ ಶೇ 6.7ರ ತಪ್ಪು ಹುಟ್ಟಿತು. ಅದರ ಬದಲು 1 ÷ (ಗಾಮಾ − 1) ಎಂಬುದನ್ನು ಸರಾಸರಿ ಮಾಡಿ: 2.5 ಮತ್ತು 1.5ರ ಸರಾಸರಿ 2.0, ಒತ್ತಡ ಸರಿಯಾಗಿ 1. ಅಬ್‌ಗ್ರಾಲ್ 1996ರಲ್ಲಿ ತೋರಿಸಿದ್ದು ಇದನ್ನೇ. ಈ ಪರಿಮಾಣವನ್ನು ಹರಿವಿನ ವೇಗದಲ್ಲಿ ಸಾಗಿಸುವ ಪ್ರತ್ಯೇಕ ಸಮೀಕರಣವನ್ನು, ಉಳಿದ ಮೂರರ ಫ್ಲಕ್ಸ್‌ಗೆ ಹೊಂದುವಂತೆ, ಸಂರಕ್ಷಿತವಲ್ಲದ ರೂಪದಲ್ಲೇ ಬರೆಯಬೇಕು. ಇದು ಮೇಲೆ ಹೇಳಿದ ನಿಯಮಕ್ಕೆ ವಿರುದ್ಧವಲ್ಲ. ಶಾಕ್ ದಾಟುವಾಗ ಗಾಮಾ ಜಿಗಿಯುವುದಿಲ್ಲ, ಕಾಂಟ್ಯಾಕ್ಟ್‌ನಲ್ಲಿ ಮಾತ್ರ ಜಿಗಿಯುತ್ತದೆ. ದ್ರವ್ಯರಾಶಿ, ಸಂವೇಗ, ಶಕ್ತಿ ಮೊದಲಿನಂತೆಯೇ ಸಂರಕ್ಷಿತ.

ಪ್ರಶ್ನೆ: ಗೋಡೆಗೆ ಬಡಿದು ಹಿಂದಿರುಗುವ ಶಾಕ್‌ನ ಲೆಕ್ಕದಲ್ಲಿ ಗೋಡೆ ಪಕ್ಕದ ಸೆಲ್ ಮಾತ್ರ ವಿಪರೀತ ಬಿಸಿಯಾಗುತ್ತದೆ. ಒತ್ತಡ ಸರಿ ಇದೆ. ಗಡಿಯ ಕೋಡ್ ತಪ್ಪೇ?

ಉತ್ತರ: ಅಲ್ಲ. ನೋ ಎಂಬವರು 1987ರಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು. ಅವರ ಹೆಸರಿನ ಸಮಸ್ಯೆಯಲ್ಲಿ ಗಾಮಾ 5/3, ಸಾಂದ್ರತೆ 1, ಒತ್ತಡ ಬಹುತೇಕ 0 ಇರುವ ಅನಿಲ ವೇಗ 1ರಲ್ಲಿ ಗೋಡೆಗೆ ಬಡಿಯುತ್ತದೆ. ಶಾಕ್ ವೇಗ 1/3, ಅದರ ಹಿಂದೆ ಸಾಂದ್ರತೆ 4, ಒತ್ತಡ 4/3. ಲೆಕ್ಕದಲ್ಲಿ ಗೋಡೆಯ ಬಳಿ ಸಾಂದ್ರತೆ 4ಕ್ಕಿಂತ ಸ್ಪಷ್ಟವಾಗಿ ತಗ್ಗುತ್ತದೆ, ಒತ್ತಡ ಸರಿ ಇರುವುದರಿಂದ ಉಷ್ಣಾಂಶ ಅಷ್ಟೇ ಏರುತ್ತದೆ. ಮೊದಲ ಕೆಲವು ಸ್ಟೆಪ್‌ಗಳಲ್ಲಿ ಶಾಕ್‌ಗೆ ತನ್ನ ಎರಡು ಮೂರು ಸೆಲ್‌ಗಳ ಅಗಲ ಇನ್ನೂ ಸಿಕ್ಕಿರುವುದಿಲ್ಲ, ಆಗ ಎಂಟ್ರೊಪಿ ತಪ್ಪಾಗಿ ಹುಟ್ಟುತ್ತದೆ. ಒತ್ತಡದ ತಪ್ಪು ಶಬ್ದದ ಅಲೆಯಾಗಿ ಹೊರಟುಹೋಗುತ್ತದೆ. ಎಂಟ್ರೊಪಿಯ ತಪ್ಪು ಅನಿಲದ ಜೊತೆಗೇ ಇರುತ್ತದೆ, ಅನಿಲ ಗೋಡೆಯಲ್ಲಿ ನಿಂತಿದೆ. ಗ್ರಿಡ್ ಸಣ್ಣ ಮಾಡಿದರೆ ಬಿಸಿಯ ಪಟ್ಟಿ ಕಿರಿದಾಗುತ್ತದೆ, ಎತ್ತರ ಹಾಗೇ ಉಳಿಯುತ್ತದೆ.

ಎಂಟ್ರೊಪಿಯನ್ನು ಹರಡಿಸಲು ಶಾಕ್ ಬಳಿ ಮಾತ್ರ ಕೆಲಸ ಮಾಡುವ ಕೃತಕ ಉಷ್ಣವಾಹಕತೆಯ ಪದವನ್ನು ಶಕ್ತಿಯ ಸಮೀಕರಣಕ್ಕೆ ಸೇರಿಸುವುದು ನೋ ಸೂಚಿಸಿದ ಮದ್ದು. ಗೋಡೆಯ ಉಷ್ಣಾಂಶದಿಂದ ರಾಸಾಯನಿಕ ಕ್ರಿಯೆ ಶುರುವಾಗುವ ಸಮಸ್ಯೆಗಳಲ್ಲಿ, ಉದಾಹರಣೆಗೆ ಶಾಕ್ ಕೊಳವೆಯ ತುದಿಯಲ್ಲಿ ಇಂಧನ ಹೊತ್ತಿಕೊಳ್ಳುವ ಲೆಕ್ಕದಲ್ಲಿ, ಇದನ್ನು ಕಡೆಗಣಿಸುವಂತಿಲ್ಲ. ಆ ಒಂದು ಸೆಲ್‌ನ ಸುಳ್ಳು ಬಿಸಿಯೇ ಹೊತ್ತಿಕೊಳ್ಳುವ ಸಮಯವನ್ನು ನಿಜಕ್ಕಿಂತ ಬೇಗ ಬಂದಂತೆ ತೋರಿಸುತ್ತದೆ. ಅಂಥ ಕಡೆ ಗೋಡೆಯಿಂದ ಹತ್ತಾರು ಸೆಲ್ ದೂರದ ಉಷ್ಣಾಂಶವನ್ನು ಶಾಕ್ ನಿಯಮಗಳಿಂದ ಕೈಯಲ್ಲಿ ತೆಗೆದ ಬೆಲೆಯೊಂದಿಗೆ ಹೋಲಿಸಿ, ರಾಸಾಯನಿಕ ಕ್ರಿಯೆಯನ್ನು ಆಫ್ ಮಾಡಿ ಒಮ್ಮೆ ಓಡಿಸಿ, ಗೋಡೆಯ ಸೆಲ್ ಎಷ್ಟು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ಬರೆದಿಟ್ಟುಕೊಂಡ ಮೇಲಷ್ಟೇ ಕ್ರಿಯೆಯನ್ನು ಆನ್ ಮಾಡಿ.